ಆಚೆ ದಡದ ತರಗತಿ

ನವೆಂಬರ್ 12, ಭಾನುವಾರ

ಆಗಸ್ಟಿನಲ್ಲಿ ಸೇವೆಗೆ ಸೇರಿದಾಗ ಗೋಡೆಗೆ ಅಂಟಿಕೊಂಡು ಕೂರುತ್ತಿದ್ದ ಹುಡುಗಿಯರಿಗೆ ಈಗ ಬಾಯಿ ಬಂದಿದೆ. ಇವತ್ತು ಕಚೇರಿ ತುಂಬ ಅವರದೇ ಗಲಾಟೆ. ನನಗೆ ಖುಷಿ, ಉಸ್ತಾದ್ ಫಿಕ್ರಿಗೆ ತಲೆನೋವು. ಕಚೇರಿಯ ಮುಖ್ಯಸ್ಥರು ಅವರು. ಎರಡನೇ ಲೋಟ ಚಹಾ ಇಳಿಯುವ ತನಕ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ.

"ಸುಹೇರ್ ಅವರೇ, ಈ ಹುಡುಗೀರಿಗೆ ಇಲ್ಲದ ಆಸೆ ಯಾಕೆ ಹುಟ್ಟಿಸ್ತೀರಿ? ಡಿಗ್ರಿ ಆದ ಹೆಣ್ಣುಮಕ್ಕಳು ಒಂದು ವರ್ಷ ಸಾರ್ವಜನಿಕ ಸೇವೆ ಮಾಡ್ಬೇಕು, ಮಾಡ್ತಿದಾರೆ. ವರ್ಷ ಮುಗಿಸ್ಲಿ, ಕಾಗದ ತಗೊಳ್ಲಿ, ಮನೆಗೆ ಹೋಗ್ಲಿ."

"ಕಾಗದ ಮನೆಗೆ ತಗೊಂಡು ಹೋಗಿ ಏನ್ ಮಾಡ್ಬೇಕು ಉಸ್ತಾದ್? ಬದನೆಕಾಯಿ ಕಟ್ಟಿಡ್ಬೇಕಾ?" ಅಂದೆ. ಹುಡುಗಿಯರೆಲ್ಲ ಕಿಸಕ್ಕನೆ ನಕ್ಕರು.

ಹಾಜರಿ ಹಾಕುವುದಕ್ಕೆ ನಾನೇ ಬೇಕಾಗಿಲ್ಲ, ಬಾಗಿಲ ಕಾವಲುಗಾರ ಸಾಕು. ಸೇವೆ ಮುಗಿದ ಮೇಲೆ ಈ ಹುಡುಗಿ ಎಲ್ಲಿ ಕಾಲಿಡಬೇಕು ಎಂದು ಹುಡುಕುವುದು ನನ್ನ ಕೆಲಸ. ಹೋದ ವರ್ಷದವಳೊಬ್ಬಳು ಈಗ ಔಷಧದ ಕಂಪನಿಯಲ್ಲಿದ್ದಾಳೆ, ಇನ್ನೊಬ್ಬಳು ಅಸಿಯೂತ್ ಪಟ್ಟಣದಲ್ಲಿ ಶಿಶುವಿಹಾರ ನಡೆಸುತ್ತಿದ್ದಾಳೆ. ಅಪ್ಪ ಅಣ್ಣಂದಿರು ಕೆಲಸದ ಸಂದರ್ಶನಕ್ಕೆ ಕಳಿಸುವುದಿಲ್ಲ. ಹಾಗಾಗಿ ಹುಡುಗಿಯರು ಸೇವೆಯ ದಿನವೇ ಹೋಗಿ ಬರುತ್ತಾರೆ. ಮನೆಯಿಂದ ಫೋನ್ ಬಂದರೆ, "ಆಚೆ ದಡದಲ್ಲಿ ತರಗತಿ ಇದೆ, ಸಂಜೆ ಬರ್ತಾಳೆ" ಎನ್ನುತ್ತೇನೆ. ಹೊಳೆಯಾಚೆ ಗುಡ್ಡದ ಮರೆಯಲ್ಲಿ ಸಿಗ್ನಲ್ ಸಿಗುವುದಿಲ್ಲವೆಂದು ಇಡೀ ಊರಿಗೆ ಗೊತ್ತು. ನನಗಿಂತ ಮುಂಚೆ ಈ ಕುರ್ಚಿಯಲ್ಲಿದ್ದವಳೂ ಇದನ್ನೇ ಹೇಳುತ್ತಿದ್ದಳು. ದೇವರು ಆ ಗುಡ್ಡವನ್ನು ಅಲ್ಲಿಟ್ಟಿದ್ದು ನಮ್ಮ ಹುಡುಗಿಯರಿಗಾಗಿಯೇ ಇರಬೇಕು.

ಡಿಸೆಂಬರ್ 5, ಮಂಗಳವಾರ

ಸೇವೆಯ ಹುಡುಗಿಯರಲ್ಲೊಬ್ಬಳಾದ ರಿಹಾಬಳ ತರಗತಿ ನೋಡಲು ಲಾಂಚಿನಲ್ಲಿ ಆಚೆ ದಡಕ್ಕೆ ಹೋಗಿದ್ದೆ. ಒಂದು ಪಿಕಪ್ ಗಾಡಿ, ಎರಡು ಎಮ್ಮೆ, ಲೆಕ್ಕವಿಲ್ಲದಷ್ಟು ಜನ. ಲಾಂಚಿನವನಿಗೆ ಬೈದೆ. "ಅಬ್ಲಾ, ನೀವು ಇಳಿದ್ರೆ ಭಾರ ಅರ್ಧ ಕಮ್ಮಿ ಆಗುತ್ತೆ" ಅಂದ, ಮುಂಡೇದು. ಎಲ್ಲರೂ ನಕ್ಕರು, ಅವರೆಲ್ಲರ ಅಬ್ಲಾ, ದೊಡ್ಡಕ್ಕ, ನಾನೂ ನಕ್ಕೆ.

ಆಚೆ ದಡದ ಹಳ್ಳಿಯ ತುಂಬ ಕಲ್ಲುಕ್ವಾರಿಯ ಬಿಳಿ ದೂಳು. ಹೆಂಗಸರು ಹುಬ್ಬಿನ ಮೇಲೆ ಹಿಟ್ಟು ಚೆಲ್ಲಿಕೊಂಡವರ ಹಾಗೆ ಕಾಣುತ್ತಾರೆ. ಹೊಸದಾಗಿ ಅಕ್ಷರ ಕಲಿಯುವ ಹೆಂಗಸರಿಗೆ ಪಾಠ ಹೇಳುವುದೆಂದರೆ ಉಳಿದ ಹುಡುಗಿಯರಿಗೆ ಬೇಸರ. ರಿಹಾಬ್ ಮಾತ್ರ ನೆಲದಲ್ಲೇ ಕೂತು, ಅವರ ಕೈ ಹಿಡಿದು ಬರೆಸುತ್ತಾಳೆ. ಸಬಾಹ್ ಎಂಬವಳು ಅವಳ ಅಚ್ಚುಮೆಚ್ಚಿನ ಶಿಷ್ಯೆ. ಸಬಾಹಳ ಗಂಡ ಖಲಫ್ ಕಲ್ಲು ಕೊಯ್ಯುವ ಯಂತ್ರಕ್ಕೆ ಒಂದು ಕೈ ಕೊಟ್ಟವನು.

"ನಮ್ಮೆಜಮಾನ್ರು ಕ್ವಾರಿಗೆ ಕೈ ಕೊಟ್ರು, ನಾನು ಈ ಅಕ್ಷರಕ್ಕೆ ತಲೆ ಕೊಡ್ತಿದೀನಿ. ನಮ್ಮನೇಲಿ ಇನ್ನೇನು ಉಳಿಯುತ್ತೋ!" ಅಂದಳು ಸಬಾಹ್.

"ಬಾಯಿ ಉಳಿಯುತ್ತಲ್ಲಾ" ಅಂದಳು ರಿಹಾಬ್.

ಬರುವಾಗ ಹೊಳೆಯ ಗಾಳಿಗೆ ನಡುಕ ಹತ್ತಿತು. ರಿಹಾಬ್ ತನ್ನ ಅಮ್ಮ ಹೆಣೆದುಕೊಟ್ಟ ನೀಲಿ ಸ್ವೆಟರ್ ಹಾಕಿಕೊಂಡಿದ್ದಳು. ಎದೆಯ ಮೇಲೆ ಬಿಳಿ ದಾಳಿಂಬೆ ಹೂವಿನ ಸಾಲು. ತೋಳು ಉದ್ದವಾಗಿ ಬೆರಳು ಮುಚ್ಚುತ್ತದೆ. ಇವಳಿಗೆ ಒಳ್ಳೆಯ ಜಾಗ ಹುಡುಕಲೇಬೇಕು.

ಜನವರಿ 8, ಸೋಮವಾರ

ಜಾಗ ಸಿಕ್ಕಿದೆ, ಆದರೆ ಕೈರೋದಲ್ಲಿ. ಗಂಡನ ಮನೆಯಲ್ಲಿ ಏಟು ತಿಂದು ಬಂದ ಹೆಂಗಸರನ್ನು ಇಟ್ಟುಕೊಳ್ಳುವ ಆಶ್ರಯಮನೆ. ಅಲ್ಲೇ ವಾಸ, ಅಲ್ಲೇ ಊಟ, ಓದು ಬರಹ ಹೇಳಿಕೊಡುವ ಕೆಲಸ. ಅಲ್ಲಿಯ ಯಜಮಾನಿ ಫೋನಿನಲ್ಲಿ ಮಾತಾಡಿದ ರೀತಿ ನನಗೆ ಹಿಡಿಸಿತು. ಹದಿನೇಳರಂದು ಸಂದರ್ಶನಕ್ಕೆ ಬರಲಿ ಎಂದಿದ್ದಾರೆ.

ರಿಹಾಬಳಿಗೆ ಹೇಳಿದರೆ ಅತ್ತಳು. ಅಣ್ಣ ಹಮ್ದಾನ್ ಅವಳನ್ನು ಕ್ವಾರಿಯ ಪಾಲುದಾರ ಹಾಜ್ ಮಿತ್ವಲ್ಲಿ ಎಂಬವನಿಗೆ ಕೊಡುವುದೆಂದು ಮಾತು ಮುಗಿಸಿದ್ದಾನಂತೆ. ಸೇವೆಯ ವರ್ಷ ಮುಗಿದ ಕೂಡಲೇ ಮದುವೆ. ಆ ಮನುಷ್ಯನಿಗೆ ರಿಹಾಬಳಿಗಿಂತ ದೊಡ್ಡ ಮಗಳಿದ್ದಾಳೆ.

"ರೈಲು ಹತ್ತಿದ್ರೆ ಕಾಲು ಮುರೀತೀನಿ ಅಂದಿದಾನೆ ಅಬ್ಲಾ. ಸುಮ್ನೆ ಹೇಳೋನಲ್ಲ. ಅಕ್ಕನಿಗೆ ಹಾಗೇ ಮಾಡಿದ. ಅವಳು ಈಗ್ಲೂ ಕುಂಟ್ತಾಳೆ."

"ಬೆಳಿಗ್ಗೆ ರೈಲಲ್ಲಿ ಹೋಗಿ ಸಂಜೆ ರೈಲಲ್ಲಿ ಬಾ. ನಡುವೆ ಯಾರು ಕೇಳಿದ್ರೂ ನೀನು ಆಚೆ ದಡದಲ್ಲಿರ್ತೀಯ. ಅಷ್ಟನ್ನ ನಾನು ನೋಡ್ಕೋತೀನಿ."

ಕಣ್ಣೊರೆಸಿಕೊಂಡು ನನ್ನ ಕೈಗೆ ಮುತ್ತಿಟ್ಟಳು. ನನಗೆ ಮಕ್ಕಳಿಲ್ಲ. ಇಂಥ ದಿನ ಅದು ನೆನಪಿಗೇ ಬರುವುದಿಲ್ಲ.

ಜನವರಿ 17, ಬುಧವಾರ

ಲಾಂಚು ಮಗುಚಿತು. ಸಬಾಹ್ ಅದರಲ್ಲಿದ್ದಳು. ನಾನೇ ಕಳಿಸಿದೆ.

ಜನವರಿ 18, ಗುರುವಾರ

ಬರೆದರೆ ತಲೆ ತಿಳಿಯಾಗಬಹುದು.

ನಿನ್ನೆ ಮಧ್ಯಾಹ್ನ ಹಮ್ದಾನ್ ಫೋನ್ ಮಾಡಿದ. "ಆಚೆ ದಡದಲ್ಲಿದಾಳಪ್ಪ, ತರಗತಿ" ಅಂದೆ. ಫೋನ್ ಇಟ್ಟು ತಲೆ ಎತ್ತಿದರೆ ಬಾಗಿಲಲ್ಲಿ ಸಬಾಹ್. ಸಂತೆಗೆ ಬಂದಿದ್ದಳಂತೆ. ರಿಹಾಬ್ ಮೇಡಂಗೆ ಕೊಡಬೇಕೆಂದು ಬಿಸಿಲಲ್ಲಿ ಉಬ್ಬಿಸಿದ ರೊಟ್ಟಿ ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಮೈಮೇಲೆ ರಿಹಾಬಳ ನೀಲಿ ಸ್ವೆಟರ್.

"ಮೇಡಂ ಮೊನ್ನೆ ಕೊಟ್ರು. ನಾನು ಬೇಡ ಅಂದೆ, ಕೇಳ್ಲಿಲ್ಲ. ಹೆಂಗೈತೆ ಅಬ್ಲಾ?"

"ನಿನಗೇ ಹೆಣೆದ ಹಾಗಿದೆ" ಅಂದೆ.

ಮೇಡಂ ಬರುವವರೆಗೆ ಕೂತಿರುತ್ತೇನೆ, ಹೊರಗೆ ಚಳಿ, ಮುಂದಿನ ಲಾಂಚಿಗೆ ಹೋದರಾಯಿತು ಅಂದಳು. ಹಮ್ದಾನನ ಅಂಗಡಿ ಎರಡು ಬೀದಿ ಆಚೆ. ತರಗತಿ ನಡೆಯುತ್ತಿದೆ ಎಂದು ಈಗಷ್ಟೇ ಹೇಳಿದ್ದೇನೆ. ಅದೇ ತರಗತಿಯವಳು ಇಲ್ಲಿ ಕೂತಿದ್ದನ್ನು ಅವನು ನೋಡಿದರೆ? "ಬೇಡ ಬೇಡ, ಈಗಿನ ಲಾಂಚಿಗೇ ಹೋಗು, ಓಡು" ಎಂದು ಎಬ್ಬಿಸಿದೆ. ರೊಟ್ಟಿ ಮೇಜಿನ ಮೇಲಿಟ್ಟು ಓಡಿದಳು.

ನಡುಹೊಳೆಯಲ್ಲಿ ಪಿಕಪ್ ಗಾಡಿ ಹಿಂದಕ್ಕೆ ಜಾರಿತಂತೆ. ಎಲ್ಲರೂ ಒಂದೇ ಕಡೆಗೆ ಓಡಿದರಂತೆ. ಈಜಿ ಬಂದವರು ಬಂದರು, ಕೆಲವರನ್ನು ಎತ್ತಿದರು. ಇನ್ನೂ ಸಿಗದವರಲ್ಲಿ ಸಬಾಹ್ ಒಬ್ಬಳು.

ಕತ್ತಲಾಗುವ ಮುಂಚೆ ರಿಹಾಬಳ ತಾಯಿ ಉಮ್ಮ್ ಹಮ್ದಾನ್ ಕಚೇರಿಗೆ ಬಂದು ನನ್ನ ಕಾಲ ಬಳಿ ಕುಸಿದಳು. "ನನ್ ಮಗಳು ಆಚೆ ದಡದಲ್ಲಿದಾಳೆ ಅಂದ್ಯಲ್ಲಮ್ಮಾ! ಅವಳೂ ಲಾಂಚಲ್ಲಿದ್ಲಾ? ಹೇಳೇ, ಇದ್ಲಾ?" ಕೆನ್ನೆ ಕೆನ್ನೆ ಹೊಡೆದುಕೊಂಡಳು. ಹೇಳಿಬಿಡೋಣವೆಂದು ಬಾಯಿ ತೆರೆದೆ. ಅವಳ ಹಿಂದೆ ಹಮ್ದಾನ್ ನಿಂತಿದ್ದ. ತೆರೆದ ಬಾಯಿ ಮುಚ್ಚಿಕೊಂಡೆ.

ರಿಹಾಬ್ ಸಂಜೆಯ ರೈಲು ಹತ್ತುವ ಮುಂಚೆಯೇ ಫೋನಿನಲ್ಲಿ ಸಿಕ್ಕಳು. ಕೆಲಸ ಸಿಕ್ಕಿತೆಂದು ಕುಣಿಯುತ್ತಿದ್ದಳು. ಲಾಂಚಿನ ವಿಷಯ ಹೇಳಿದೆ. ಮನೆಗೆ ಫೋನ್ ಮಾಡು ಅಂದೆ.

"ಈಗ ಬಂದ್ರೆ ಎಲ್ಲಿಗೆ ಹೋಗಿದ್ದೆ ಅಂತ ಅಣ್ಣ ಕೇಳ್ತಾನೆ. ಒಂದೇ ಒಂದು ದಿನ ಬಿಡಿ ಅಬ್ಲಾ. ಯೋಚನೆ ಮಾಡ್ತೀನಿ. ನಿಮ್ಮ ದಮ್ಮಯ್ಯ."

ಸಬಾಹಳ ಹೆಸರನ್ನು ನಾನು ಎತ್ತಲಿಲ್ಲ.

ಜನವರಿ 23, ಮಂಗಳವಾರ

ಕೆಳಗಡೆ ಸೇತುವೆಯ ಹತ್ತಿರ ಜೊಂಡಿಗೆ ಸಿಕ್ಕಿಕೊಂಡ ಹೆಂಗಸಿನ ಹೆಣ ಸಿಕ್ಕಿತು. ಮುಖ ನೋಡುವ ಸ್ಥಿತಿಯಲ್ಲಿರಲಿಲ್ಲ. ನೀಲಿ ಸ್ವೆಟರ್ ಇತ್ತು. ಉಮ್ಮ್ ಹಮ್ದಾನ್ ದಾಳಿಂಬೆ ಹೂವಿನ ಮೇಲೆ ಬೆರಳಾಡಿಸಿ, ಒಂದು ಹೂವಿನಲ್ಲಿ ತಪ್ಪಿದ ಹೆಣಿಗೆ ತೋರಿಸಿದಳು. "ಇಲ್ಲಿ ನನಗೆ ಕಣ್ಣು ಹತ್ತಿತ್ತು" ಅಂದಳು. ಆಮೇಲೆ ಕಿರುಚಿದಳು.

ಹಮ್ದಾನ್ ನನ್ನ ಕಡೆ ತಿರುಗಿದ. "ಅಬ್ಲಾ, ನೀವು ದಿನಾ ನೋಡಿದೀರಿ. ಇದು ನಮ್ಮ ಹುಡುಗಿದೇ ಅಲ್ವಾ?"

ಹೌದೆಂದು ತಲೆಯಾಡಿಸಿದೆ. ಸ್ವೆಟರ್ ಅವಳದೇ ತಾನೇ.

ಅವರ ಮನೆತನದ ಗೋರಿಯಲ್ಲಿ ಮಣ್ಣು ಮಾಡಿದರು. ಉಸ್ತಾದ್ ಫಿಕ್ರಿ ಮಗುವಿನ ಹಾಗೆ ಅತ್ತರು. ಅವರು ಅಳಬಹುದೆಂದು ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 4, ಭಾನುವಾರ

ರಿಹಾಬ್ ಆಶ್ರಯಮನೆಯ ಫೋನಿನಿಂದ ಮಾತಾಡಿದಳು. ಒಂದು ದಿನ ಎಂದವಳು ಒಂದು ವಾರ ಎಂದಳು. ಈಗ ಏನೂ ಹೇಳುವುದಿಲ್ಲ.

"ಸತ್ತವಳಿಗೆ ಯಾರೂ ಮದುವೆ ಮಾಡಲ್ಲ ಅಬ್ಲಾ" ಎಂದು ನಗಲು ನೋಡಿ, ಅಳಲು ಶುರುಮಾಡಿದಳು. "ಅಮ್ಮ ಊಟ ಮಾಡ್ತಿದಾಳಾ?"

"ಮಾಡ್ತಿದಾಳೆ."

"ನನ್ನ ಜಾಗದಲ್ಲಿ ಮಣ್ಣು ಮಾಡಿದ್ದು ಯಾರನ್ನ?"

"ಯಾರೋ. ಹೊಳೇಲಿ ಎಲ್ಲೆಲ್ಲಿಂದಲೋ ತೇಲಿ ಬರ್ತಾವೆ."

ಸುಳ್ಳು ಎಂದರೆ ಸುಳ್ಳು. ಆದರೆ ನಿಜ ಹೇಳಿದರೆ ಅವಳು ಅಲ್ಲಿ ನಿಲ್ಲುತ್ತಾಳೆಯೇ? ಹೋದವಳು ಹೋದಳು. ಇರುವವಳನ್ನಾದರೂ ಉಳಿಸಿಕೊಳ್ಳಬೇಕು. ಅವಳ ಮುಂದಿನ ಹೆಜ್ಜೆ ನನ್ನ ಜವಾಬ್ದಾರಿ.

ಫೆಬ್ರವರಿ 15, ಗುರುವಾರ

ಖಲಫ್ ದಿನವೂ ಲಾಂಚುಗಟ್ಟೆಯಲ್ಲಿ ಕೂರುತ್ತಾನೆ. ಇರುವ ಒಂದು ಕೈಯಲ್ಲಿ ಕೊಕ್ಕೆ ಹಿಡಿದು, ತೇಲಿಬರುವ ಜೊಂಡನ್ನೆಲ್ಲ ಎಳೆದೆಳೆದು ನೋಡುತ್ತಾನೆ. ಸಿಗದೆ ಉಳಿದವಳು ಅವನ ಹೆಂಡತಿಯೊಬ್ಬಳೇ. ಉಳಿದವರೆಲ್ಲ ತಮ್ಮವರನ್ನು ಮಣ್ಣು ಮಾಡಿ ಮನೆಗೆ ಹೋಗಿದ್ದಾರೆ.

ಸುತ್ತು ಬಳಸಿ ಹೋಗಬೇಕೆಂದುಕೊಂಡೆ, ಅಷ್ಟರಲ್ಲಿ ನೋಡಿಬಿಟ್ಟ.

"ಅಬ್ಲಾ, ಅವತ್ತು ನಮ್ಮನೆಯವಳು ನಿಮ್ಮ ಆಫೀಸಿಗೆ ಬಂದಿದ್ಲಾ? ಮೇಡಂಗೆ ರೊಟ್ಟಿ ಕೊಡ್ಬೇಕು ಅಂತಿದ್ಲು."

"ಇಲ್ಲಪ್ಪ, ಬರ್ಲಿಲ್ಲ."

"ಯಾವ ಬಟ್ಟೆ ಹಾಕ್ಕೊಂಡಿದ್ಲು ಅನ್ನೋದೂ ನನಗೆ ಗೊತ್ತಿಲ್ಲ. ಬೆಳಿಗ್ಗೆ ನಾನು ಮಲಗಿದ್ದೆ. ಪೊಲೀಸರು ಕೇಳಿದ್ರೆ ಏನು ಹೇಳ್ಲಿ? ಗಂಡ ಆಗಿ ಇಷ್ಟೂ ಗೊತ್ತಿಲ್ವೇನೋ ಅಂತ ನಗ್ತಾರೆ." ಕೊಕ್ಕೆ ನೀರಿಗೆ ಹಾಕಿದ. "ಒಂದು ಮೂಳೆ ಸಿಕ್ರೂ ಸಾಕು. ಒಂದು ಕಡೆ ಇಟ್ಟು, ಇಲ್ಲಿದಾಳೆ ಅನ್ಬಹುದು."

ಮನೆಗೆ ಬಂದು ರಾತ್ರಿಯ ಊಟ ಹಾಗೇ ಮುಚ್ಚಿಟ್ಟೆ. ಮಧ್ಯಾಹ್ನದ ಮೀನು ಸರಿ ಇರಲಿಲ್ಲವೆಂದು ಕಾಣುತ್ತದೆ.

ಫೆಬ್ರವರಿ 27, ಮಂಗಳವಾರ

ಹೇಳಿಬಿಟ್ಟೆ. ಹೇಳಬೇಕೆಂದುಕೊಂಡಿರಲಿಲ್ಲ.

ರಿಹಾಬ್ ಇವತ್ತು ಗೆಲುವಾಗಿದ್ದಳು. ಅಲ್ಲಿಯ ಹೆಂಗಸರಿಗೆ ಸಬಾಹಳ ಮಾತು ಹೇಳಿ ನಗಿಸುತ್ತಾಳಂತೆ. "ಅವಳು ಹೆಸರು ಪೂರ್ತಿ ಬರೆಯೋಕೆ ಕಲಿತ್ಲಾ ಅಬ್ಲಾ? ಕೊನೇ ಅಕ್ಷರ ಯಾವಾಗ್ಲೂ ಮರೀತಿದ್ಲು. ಆ ಸ್ವೆಟರ್ ಅವಳ ಹತ್ರನೇ ಇರ್ಲಿ ಅನ್ನಿ. ತೋಳು ಮಡಚಿಕೊಂಡ್ರೆ ಸರಿ ಹೋಗುತ್ತೆ."

"ಆ ಸ್ವೆಟರ್ ಮಣ್ಣಿನಲ್ಲಿದೆ ಕಣೇ" ಅಂದುಬಿಟ್ಟೆ.

ಮೊದಲು ಅವಳಿಗೆ ಅರ್ಥವಾಗಲಿಲ್ಲ. ಆಮೇಲೆ ಆಯಿತು. ಅತ್ತಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

"ಖಲಫ್ ಅಣ್ಣನಿಗೆ ಹೇಳಿದೀರಾ?"

"ಹೇಳಿದ್ರೆ ನಿನ್ನ ಗತಿ ಏನು?"

"ಅವರೇನು ಮಾಡ್ತಿದಾರೆ?"

"ಹೊಳೆ ಹತ್ರ ಕೂರ್ತಾನೆ."

"ದಿನಾನಾ?"

"ದಿನಾ."

ಫೋನ್ ಇಟ್ಟಳು.

ಮಾರ್ಚ್ 1, ಗುರುವಾರ

ರಿಹಾಬ್ ಬಂದಳು. ನನ್ನ ಹತ್ತಿರವಲ್ಲ, ತಾಯಿಯ ಹತ್ತಿರವೂ ಅಲ್ಲ. ಸ್ಟೇಷನ್ನಿನಿಂದ ನೇರವಾಗಿ ಲಾಂಚುಗಟ್ಟೆಗೆ ನಡೆದು, ಖಲಫನ ಪಕ್ಕ ಕಲ್ಲಿನ ಮೇಲೆ ಕೂತಳಂತೆ. ಸತ್ತವಳನ್ನು ನೋಡಿ ಲಾಂಚಿನವನು ಕಲ್ಮಾ ಹೇಳಿಕೊಂಡು ಓಡಿದನಂತೆ. ಸುದ್ದಿ ಕೇಳಿ ನಾನು ಹೋಗುವಷ್ಟರಲ್ಲಿ ಜನ ಸೇರಿದ್ದರು.

"ಅಣ್ಣಾ, ನಮ್ಮ ಗೋರೀಲಿ ಇರೋದು ಸಬಾಹ್. ನಾನು ಕೊಟ್ಟ ಸ್ವೆಟರ್ ಹಾಕ್ಕೊಂಡಿದ್ಲು. ಇನ್ನು ಹೊಳೆ ನೋಡ್ಬೇಡಿ" ಎನ್ನುತ್ತಿದ್ದಳು.

ಖಲಫ್ ಕೊಕ್ಕೆಯನ್ನು ಕಲ್ಲಿಗೆ ಒರಗಿಸಿಟ್ಟ, ಇನ್ನೊಬ್ಬರ ಸಾಮಾನು ಹಿಂತಿರುಗಿಸುವ ಹಾಗೆ, ಮೆಲ್ಲಗೆ. "ನೀಲಿದಾ?" ಎಂದು ಕೇಳಿದ.

"ನೀಲಿ. ಬಿಳಿ ಹೂವು."

"ನೀಲಿ ಅವಳಿಗೆ ಇಷ್ಟ" ಅಂದ.

ಉಮ್ಮ್ ಹಮ್ದಾನ್ ಮಗಳನ್ನು ನೋಡಿ ಮೂರ್ಛೆ ಹೋದಳು. ಹಮ್ದಾನ್ ತಂಗಿಯ ತೋಳು ಹಿಡಿದ. ಜನರ ಎದುರು ಹೊಡೆಯಲಿಲ್ಲ. ಎಲ್ಲಿದ್ದೆ, ಯಾರು ಕಳಿಸಿದರು ಎಂದು ಗದರಿದ. ರಿಹಾಬ್ ನನ್ನನ್ನು ನೋಡಿದಳು.

"ಯಾರೂ ಇಲ್ಲ. ನಾನೇ ಓಡಿಹೋದೆ. ಅಬ್ಲಾಗೂ ಸುಳ್ಳು ಹೇಳಿದ್ದೆ. ಅವರಿಗೆ ಏನೂ ಗೊತ್ತಿಲ್ಲ."

ನಾನೂ ಅದನ್ನೇ ಹೇಳಿದೆ. ಪೊಲೀಸರ ಮುಂದೆಯೂ ಹೇಳಿದೆ. ನನ್ನನ್ನು ಕಚೇರಿಯಿಂದ ತೆಗೆದರೆ ಉಳಿದ ಹುಡುಗಿಯರನ್ನು ನೋಡಿಕೊಳ್ಳುವವರು ಯಾರು?

ಮಾರ್ಚ್ 26, ಸೋಮವಾರ

ಗೋರಿಯ ಕಲ್ಲಿನ ಮೇಲೆ ಹೆಸರು ಬದಲಾಯಿಸಿದ್ದಾರೆ. ಹೆಣವನ್ನು ಮತ್ತೆ ತೆಗೆಯುವುದು ಬೇಡವೆಂದು ಖಲಫನೇ ಹೇಳಿದನಂತೆ. ಶುಕ್ರವಾರ ಶುಕ್ರವಾರ ಹೊಳೆ ದಾಟಿ ಬಂದು ಅಲ್ಲಿ ಕೂರುತ್ತಾನೆ. ಉಮ್ಮ್ ಹಮ್ದಾನ್ ಅವನಿಗೆ ಚಹಾ ಕಳಿಸುತ್ತಾಳೆ.

ರಿಹಾಬಳನ್ನು ಯಾರಿಗೂ ತೋರಿಸುತ್ತಿಲ್ಲ, ಅವಳ ಫೋನನ್ನು ಹಮ್ದಾನ್ ಒಡೆದುಹಾಕಿದ್ದಾನೆ. ಸೇವೆಯ ವರ್ಷ ಮುಗಿಯುವುದಕ್ಕೂ ಕಾಯದೆ ರಂಜಾನಿಗೆ ಮುಂಚೆ ಮದುವೆಯಂತೆ. ಇಷ್ಟೆಲ್ಲ ಆದ ಮೇಲೂ ಹಾಜ್ ಮಿತ್ವಲ್ಲಿ ಒಪ್ಪಿದ್ದೇ ದೊಡ್ಡದು ಎಂದು ಊರವರು ಹೊಗಳುತ್ತಿದ್ದಾರೆ.

ಕೈರೋದಿಂದ ಆಶ್ರಯಮನೆಯ ಯಜಮಾನಿ ಕಚೇರಿಗೆ ಫೋನ್ ಮಾಡಿದ್ದಳು. "ರಿಹಾಬಳ ಹಾಸಿಗೆ ಹಾಗೇ ಇಟ್ಟಿದೀವಿ. ಯಾವಾಗ ಬೇಕಾದ್ರೂ ಬರ್ಲಿ. ಮನೆಯವರ ಭಯ ಇದ್ರೆ ನಮ್ಮ ವಕೀಲರ ಜೊತೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಅವಳೊಂದು ಮಾತು ಹೂಂ ಅಂದ್ರೆ ಸಾಕು. ಕೇಳಿ ಹೇಳ್ತೀರಾ?"

ಕೇಳುತ್ತೇನೆ ಅಂದೆ.

ಏಪ್ರಿಲ್ 10, ಮಂಗಳವಾರ

ಕೈರೋದ ಹೆಂಗಸು ಮತ್ತೆ ಫೋನ್ ಮಾಡಿದಳು. ಹುಡುಗಿಗೆ ಈಗ ಇಷ್ಟವಿಲ್ಲ, ಮದುವೆಗೆ ಒಪ್ಪಿದ್ದಾಳೆ, ಇನ್ನು ಕರೆಯಬೇಡಿ ಅಂದೆ. ಆ ಮನೆಯ ಬಾಗಿಲಿಗೆ ವಕೀಲರನ್ನು ಕರೆತಂದರೆ ಏನೇನು ಹೊರಗೆ ಬರುತ್ತದೋ. ಗಾಯ ಮಾಯುತ್ತಿದೆ, ಕೆದಕಬಾರದು. ರಿಹಾಬಳ ಒಳ್ಳೆಯದಕ್ಕೇ ಹೇಳಿದ್ದು.

ಮೊಣಕಾಲು ನೋವು ಹೆಚ್ಚಾಗಿದೆ.

ಏಪ್ರಿಲ್ 29, ಭಾನುವಾರ

ಮದುವೆಯ ಡೋಲು ಕಚೇರಿಯವರೆಗೂ ಕೇಳಿಸಿತು. ಕಿಟಕಿ ಮುಚ್ಚಿಸಿದೆ, ದೂಳು ಬರುತ್ತಿತ್ತು.

ಆಗಸ್ಟ್ 12, ಭಾನುವಾರ

ಹೊಸ ತಂಡ ಬಂದಿದೆ. ಗೋಡೆಗೆ ಅಂಟಿಕೊಂಡು ಕೂರುತ್ತಾರೆ. ಸದ್ಯ ಗಲಾಟೆಯಿಲ್ಲ.

ಮನಾರ್ ಎಂಬ ಹುಡುಗಿ ಒಬ್ಬಳೇ ಧೈರ್ಯ ಮಾಡಿ ಬಂದು, "ಅಬ್ಲಾ, ಬ್ಯಾಂಕಿನ ಸಂದರ್ಶನಕ್ಕೆ ಒಂದು ದಿನ ಬಿಡ್ತೀರಾ? ಅಪ್ಪನಿಗೆ ಮಾತ್ರ ಹೇಳ್ಬೇಡಿ" ಅಂದಳು.

"ಇಲ್ಲದ ಆಸೆ ಇಟ್ಕೋಬೇಡಮ್ಮ. ವರ್ಷ ಮುಗಿಸು, ಕಾಗದ ತಗೋ, ಮನೆಗೆ ಹೋಗು" ಅಂದೆ. ಉಸ್ತಾದ್ ಫಿಕ್ರಿ ಚಹಾ ಲೋಟ ಕೆಳಗಿಟ್ಟು ನನ್ನನ್ನೇ ನೋಡಿದರು. ಯಾಕೋ ಗೊತ್ತಾಗಲಿಲ್ಲ.

ಮಧ್ಯಾಹ್ನ ರಿಹಾಬ್ ತನ್ನ ಪ್ರಮಾಣಪತ್ರ ತೆಗೆದುಕೊಂಡು ಹೋಗಲು ಬಂದಳು. ಗೈರಾದ ದಿನಗಳನ್ನು ಮನ್ನಿಸಿ ಉಸ್ತಾದ್ ಫಿಕ್ರಿ ಸಹಿ ಹಾಕಿದ್ದರು, ಎರಡನೇ ಲೋಟಕ್ಕೂ ಕಾಯದೆ. ರಿಹಾಬಳ ಕೈ ತುಂಬ ಚಿನ್ನದ ಬಳೆ, ಮುಖ ಇಳಿದಿದೆ. ಜೊತೆಗೆ ಬಂದಿದ್ದ ನಾದಿನಿ ಬಾಗಿಲಲ್ಲೇ ನಿಂತಿದ್ದಳು, ಒಳಗೆ ಬರಲಿಲ್ಲ.

"ಚೆನ್ನಾಗಿದೀಯಾ?" ಅಂದೆ.

"ದೇವರ ದಯೆ ಅಬ್ಲಾ."

ಕಾಗದ ಕೊಟ್ಟೆ. ಓದಲಿಲ್ಲ, ಮಡಚಿ ಚೀಲಕ್ಕೆ ಹಾಕಿದಳು. ಹೋಗಲು ಎದ್ದವಳು ಬಾಗಿಲ ಕಡೆ ಒಮ್ಮೆ ನೋಡಿ, ನನ್ನ ಹತ್ತಿರ ಬಗ್ಗಿದಳು.

"ಅಬ್ಲಾ, ಮದುವೆಗೆ ಮುಂಚೆ ಕೈರೋದಿಂದ ಯಾರಾದ್ರೂ ನನ್ನ ಕೇಳಿದ್ರಾ? ಆ ದಿನಗಳಲ್ಲಿ ಕಿಟಕಿ ಹತ್ರಾನೇ ಕೂತಿರ್ತಿದ್ದೆ. ಯಾರಾದ್ರೂ ಬರ್ತಾರೆ ಅನ್ಕೊಂಡಿದ್ದೆ."

"ಇಲ್ಲಮ್ಮ. ಯಾರೂ ಕೇಳ್ಲಿಲ್ಲ."

ಅವಳು ನನ್ನ ಕೈ ತೆಗೆದುಕೊಂಡು, ಆವತ್ತಿನ ಹಾಗೆಯೇ ಮುತ್ತಿಟ್ಟಳು.

"ನನಗೂ ಗೊತ್ತಿತ್ತು. ಕೇಳಿದ್ದಿದ್ರೆ ನೀವು ಹೇಗಾದ್ರೂ ಮಾಡಿ ಹೇಳಿ ಕಳಿಸ್ತಿದ್ರಿ."